ಸಾವಿಲ್ಲದವರ ಮುಪ್ಪು

ವಧುವಿಗೆ 2,778 ವರ್ಷ, ವರನಿಗೆ 88. ಇಂಥದೊಂದು ಲಗ್ನಪತ್ರಿಕೆ ಮನೆಗೆ ಬಂದರೆ ಅಚ್ಚಿನ ದೋಷವೆಂದು ನಕ್ಕು ಪಕ್ಕಕ್ಕಿಡುತ್ತೇವೆ. ಆದರೆ ಜೆ.ಆರ್.ಆರ್. ಟೋಲ್ಕಿನ್ ಬರೆದ ‘ದ ಲಾರ್ಡ್ ಆಫ್ ದ ರಿಂಗ್ಸ್’ ಕಾದಂಬರಿಯ ಕೊನೆಯಲ್ಲಿ ನಡೆಯುವ ಮದುವೆ ಇದೇ. ವಧು ಆರ್ವೆನ್, ವರ ಆರಗಾರ್ನ್. ವಯಸ್ಸನ್ನು ಟೋಲ್ಕಿನ್ ಕಥೆಯ ನಡುವೆ ಸಾರುವುದಿಲ್ಲ. ಪುಸ್ತಕದ ಹಿಂದಿರುವ ಅನುಬಂಧದಲ್ಲಿ ಇಸವಿಗಳ ಪಟ್ಟಿಯಿದೆ. ಹುಟ್ಟಿದ ವರ್ಷವನ್ನು ಮದುವೆಯ ವರ್ಷದಿಂದ ಕಳೆದರೆ ಈ ಸಂಖ್ಯೆಗಳು ಸಿಗುತ್ತವೆ.

ಈ ಕಾದಂಬರಿ ಮೂರು ಸಂಪುಟಗಳಾಗಿ 1954 ಮತ್ತು 1955ರಲ್ಲಿ ಹೊರಬಂದಿತು. ಅದರ ಮೂರು ಚಲನಚಿತ್ರಗಳು 2001ರಿಂದ 2003ರವರೆಗೆ ವರ್ಷಕ್ಕೊಂದರಂತೆ ಬಂದವು. ಕೊನೆಯದಕ್ಕೆ 11 ಆಸ್ಕರ್ ಪ್ರಶಸ್ತಿಗಳು ದೊರೆತವು. 2022ರಲ್ಲಿ ಇದೇ ಲೋಕದ ಹಳೆಯ ಕಾಲವನ್ನು ಕುರಿತ ಧಾರಾವಾಹಿಯೂ ಆರಂಭವಾಯಿತು. ಹಾಗಾಗಿ ಪುಸ್ತಕ ತೆರೆಯದ ಮಕ್ಕಳಿಗೂ ಎಲ್ಫ್‌ಗಳ ಪರಿಚಯ ಚೆನ್ನಾಗಿಯೇ ಇದೆ. ಚೂಪು ಕಿವಿ, ನೀಳ ಕೂದಲು, ಗುರಿ ತಪ್ಪದ ಬಿಲ್ಲು. ಕನ್ನಡದಲ್ಲಿ ಇವರನ್ನು ಯಕ್ಷರೆನ್ನೋಣವೆ, ಕಿನ್ನರರೆನ್ನೋಣವೆ? ಎರಡೂ ಸರಿಹೊಂದುವುದಿಲ್ಲ. ಎಲ್ಫ್ ಎಂದೇ ಇಟ್ಟುಕೊಳ್ಳುವುದು ವಾಸಿ.

ಜೀವಕೋಶ ವಿಭಜನೆಯ ಪಾಠ ಮುಗಿದ ಮೇಲೆ ಹುಡುಗನೊಬ್ಬ ಕೇಳಿದ್ದುಂಟು: “ಸಾರ್, ಎಲ್ಫ್‌ಗಳಿಗೆ ಯಾಕೆ ಮುಪ್ಪು ಬರೋಲ್ಲ?” ತರಗತಿಯಲ್ಲಿ ನಗು ಎದ್ದಿತು. ಆದರೆ ಈ ಪ್ರಶ್ನೆಯನ್ನು ಹುಡುಗನಿಗಿಂತ ಗಂಭೀರವಾಗಿ ತೆಗೆದುಕೊಂಡವರು ಸ್ವತಃ ಟೋಲ್ಕಿನ್. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಅವರು ತಮ್ಮ ಕಲ್ಪನೆಯ ಜನರ ಆಯುಸ್ಸಿನ ಬಗ್ಗೆ ಕೊನೆಯ ದಿನಗಳವರೆಗೂ ಟಿಪ್ಪಣಿ ಬರೆಯುತ್ತಲೇ ಇದ್ದರು.

ಅಮರ ಬೇರೆ, ನಿರ್ಜರ ಬೇರೆ

ಅಮರಕೋಶದಲ್ಲಿ ದೇವತೆಗಳ ಹೆಸರುಗಳ ಪಟ್ಟಿ ‘ಅಮರ’ ಎಂಬ ಪದದಿಂದ ಆರಂಭವಾಗುತ್ತದೆ. ಅದರ ಪಕ್ಕದಲ್ಲೇ ‘ನಿರ್ಜರ’ ಎಂಬ ಪದವಿದೆ. ಸಾವಿಲ್ಲದವನು ಅಮರ, ಜರೆ, ಅಂದರೆ ಮುಪ್ಪು, ಇಲ್ಲದವನು ನಿರ್ಜರ. ನಾವು ಇವೆರಡನ್ನೂ ಒಂದೇ ಎಂಬಂತೆ ಬಳಸುತ್ತೇವೆ. ಹಳಬರು ಬೇರೆ ಬೇರೆ ಪದ ಮಾಡಿಟ್ಟದ್ದಕ್ಕೆ ಕಾರಣವಿದೆ.

ಗ್ರೀಕರ ಕಥೆಯಲ್ಲಿ ಉಷೆಯ ದೇವತೆಯು ತನ್ನ ಪ್ರಿಯ ಟೈಥೋನಸ್‌ಗೆ ಸಾವು ಬಾರದಂತೆ ವರ ಬೇಡುತ್ತಾಳೆ, ಯೌವನ ಉಳಿಯಲೆಂದು ಬೇಡಲು ಮರೆಯುತ್ತಾಳೆ. ಅವನು ಸುಕ್ಕುತ್ತಾ ಸುಕ್ಕುತ್ತಾ ಹೋಗುತ್ತಾನೆ. 1726ರ ‘ಗಲಿವರನ ಪ್ರವಾಸಗಳು’ ಕೃತಿಯಲ್ಲಿ ಜೊನಾಥನ್ ಸ್ವಿಫ್ಟ್ ಇಂಥದೇ ಒಂದು ನತದೃಷ್ಟ ಜನವನ್ನು ಸೃಷ್ಟಿಸಿದ. ನಮ್ಮ ಅಶ್ವತ್ಥಾಮನ ಪಾಡೂ ಸುಖದ್ದಲ್ಲ. ಯಯಾತಿಗಂತೂ ಬೇಕಾಗಿದ್ದದ್ದು ದೀರ್ಘಾಯುಸ್ಸಲ್ಲ, ಮಗನ ಯೌವನ. ಹೀಗೆ ಅಮರತ್ವವನ್ನು ಕುರಿತ ಹಳೆಯ ಕಥೆಗಳಲ್ಲಿ ಹೆಚ್ಚಿನವು ಅಮರನಾಗಿಯೂ ನಿರ್ಜರನಾಗದವನ ಗೋಳು.

ಟೋಲ್ಕಿನ್ ಮಾಡಿದ್ದು ಬೇರೆ. ಅವರ ಎಲ್ಫ್‌ಗಳಿಗೆ ಎರಡೂ ಉಂಟು. ರೋಗ ಅವರನ್ನು ಕೊಲ್ಲದು, ವಯಸ್ಸು ಮೈಯನ್ನು ಬಗ್ಗಿಸದು. ಕತ್ತಿಯೇಟಿಗೆ ಸಾಯುತ್ತಾರೆ, ತೀವ್ರ ದುಃಖಕ್ಕೂ ಸಾಯುತ್ತಾರೆ. ಆಗಲೂ ಅವರ ಆತ್ಮ ಈ ಜಗತ್ತನ್ನು ಬಿಟ್ಟು ಹೋಗುವಂತಿಲ್ಲ. ಮಾಂಡೋಸ್ ಎಂಬ ದೇವತೆಯ ಮಂದಿರದಲ್ಲಿ ಕಾದಿದ್ದು, ಮತ್ತೆ ದೇಹ ಪಡೆದು ಬರಬಹುದು. ಜಗತ್ತು ಇರುವವರೆಗೆ ಅವರು ಇರಲೇಬೇಕು. ‘ಇರಬಹುದು’ ಅಲ್ಲ, ‘ಇರಲೇಬೇಕು’ ಎಂಬುದನ್ನು ಓದುಗರು ಗಮನಿಸಬೇಕು. ಜಗತ್ತು ಮುಗಿದ ಮೇಲೆ ಏನು ಎಂಬುದು ಅವರಿಗೂ ತಿಳಿಯದು.

ಐವತ್ತಕ್ಕೆ ಪ್ರಾಯ

ಎಲ್ಫ್‌ಗಳ ಬಾಳಿನ ವಿವರಗಳು ಕಾದಂಬರಿಯಲ್ಲಿ ಅಷ್ಟಾಗಿ ಇಲ್ಲ. ಅವು ಇರುವುದು ಟೋಲ್ಕಿನ್ನರ ಮರಣಾನಂತರ ಮಗ ಕ್ರಿಸ್ಟೋಫರ್ ಸಂಪಾದಿಸಿ ಪ್ರಕಟಿಸಿದ ಕಾಗದಪತ್ರಗಳಲ್ಲಿ, ಮುಖ್ಯವಾಗಿ 1993ರಲ್ಲಿ ಬಂದ ‘ಮಾರ್ಗಾತ್ಸ್ ರಿಂಗ್’ ಎಂಬ ಸಂಪುಟದಲ್ಲಿ. ಅದರ ಪ್ರಕಾರ ಎಲ್ಫ್ ಮಗು ತಾಯಿಯ ಗರ್ಭದಲ್ಲಿ ಇರುವುದು ಸುಮಾರು ಒಂದು ವರ್ಷ. ಹುಟ್ಟಿ ವರ್ಷ ತುಂಬುವುದರೊಳಗೆ ಮಾತಾಡುತ್ತದೆ. ನಡಿಗೆ, ಕುಣಿತ ಬೇಗ ಬರುತ್ತವೆ. ಬುದ್ಧಿಯ ಬೆಳವಣಿಗೆ ಮನುಷ್ಯರಿಗಿಂತ ವೇಗ, ಮೈಯ ಬೆಳವಣಿಗೆ ನಿಧಾನ. ಪೂರ್ಣ ಬೆಳೆಯಲು ಐವತ್ತು ವರ್ಷ, ಕೆಲವರಿಗೆ ನೂರು ವರ್ಷವೂ ಬೇಕು. ಮದುವೆ ಸಾಮಾನ್ಯವಾಗಿ ಐವತ್ತು ದಾಟಿದ ಕೆಲಕಾಲದಲ್ಲೇ ಆಗುತ್ತದೆ. ಮಕ್ಕಳು ಕಡಿಮೆ, ಏಳು ಗಂಡುಮಕ್ಕಳ ತಂದೆ ಫಿಯನಾರನದೇ ದಾಖಲೆ. ಮಗುವನ್ನು ಪಡೆಯಲು ತಂದೆತಾಯಿಗಳ ಚೈತನ್ಯದ ದೊಡ್ಡ ಪಾಲು ಖರ್ಚಾಗುತ್ತದೆ ಎಂಬುದು ಇದಕ್ಕೆ ಕೊಟ್ಟಿರುವ ಕಾರಣ.

ಈ ಫಿಯನಾರನ ತಾಯಿ ಮಿರಿಯೆಲ್‌ಳದು ವಿಚಿತ್ರ ಪ್ರಕರಣ. ಮಗನನ್ನು ಹೆತ್ತ ಮೇಲೆ ಅವಳಿಗೆ ಬದುಕೇ ಸಾಕೆನಿಸಿ, ಮಲಗಿ ಪ್ರಾಣ ಬಿಡುತ್ತಾಳೆ. ಯಾವ ಯುದ್ಧವೂ ಇಲ್ಲದ ದೇವಭೂಮಿಯಲ್ಲಿ! ಗಂಡ ಫಿನ್ವೆಗೆ ಮತ್ತೆ ಮದುವೆಯಾಗುವ ಆಸೆ. ನಮ್ಮಲ್ಲಾದರೆ ಹೆಂಡತಿ ತೀರಿಹೋದ ಮೇಲೆ ಮರುಮದುವೆಗೆ ಅಡ್ಡಿಯಿಲ್ಲ. ಆದರೆ ಸತ್ತವಳು ಮರಳಿ ಬರಬಹುದಾದ ಲೋಕದಲ್ಲಿ? ಹಾಗೆ ಬಂದರೆ ಒಬ್ಬನಿಗೆ ಇಬ್ಬರು ಹೆಂಡಿರಾದಂತಾಯಿತು. ದೇವತೆಗಳು ಸಭೆ ಸೇರಿ, ಮೊದಲ ಹೆಂಡತಿ ತಾನು ಇನ್ನೆಂದೂ ಮರಳುವುದಿಲ್ಲವೆಂದು ಒಪ್ಪಿದರೆ ಮಾತ್ರ ಎರಡನೆಯ ಮದುವೆ ಎಂದು ಕಾಯಿದೆ ಮಾಡುತ್ತಾರೆ. ಆ ಮದುವೆಯಿಂದ ಹುಟ್ಟಿದ ಮಲತಮ್ಮಂದಿರೊಂದಿಗೆ ಫಿಯನಾರನ ದ್ವೇಷ ಬೆಳೆದು ಇಡೀ ಜನಾಂಗಕ್ಕೆ ಕೇಡು ತರುತ್ತದೆ. ಸಾವನ್ನು ಅಳಿಸಿದರೆ ಮದುವೆ, ಮಕ್ಕಳು, ಕಾನೂನು ಎಲ್ಲವನ್ನೂ ಹೊಸದಾಗಿ ಬರೆಯಬೇಕಾಗುತ್ತದೆ ಎಂಬುದನ್ನು ಇಷ್ಟು ದೂರ ಯೋಚಿಸಿದ ಕಥೆಗಾರರು ವಿರಳ.

2021ರಲ್ಲಿ ‘ದ ನೇಚರ್ ಆಫ್ ಮಿಡ್ಲ್‌ಅರ್ತ್’ ಎಂಬ ಇನ್ನೊಂದು ಸಂಗ್ರಹ ಬಂದಿತು. ಅದರಲ್ಲಿ ಪುಟಗಟ್ಟಲೆ ಲೆಕ್ಕಗಳಿವೆ. ಎಲ್ಫ್‌ಗಳು ಹನ್ನೆರಡರ ಲೆಕ್ಕದವರು. ಹನ್ನೆರಡು ಹನ್ನೆರಡಲೆ 144. ಅವರ ದೀರ್ಘವರ್ಷವೆಂದರೆ ನಮ್ಮ 144 ವರ್ಷ. ಮೊದಲು ಎಚ್ಚೆತ್ತ ಎಲ್ಫ್‌ಗಳೂ 144 ಮಂದಿಯೇ. ನಮ್ಮ 144 ವರ್ಷ ಕಳೆದಾಗ ಎಲ್ಫ್‌ಗೆ ಒಂದು ವರ್ಷ ಕಳೆದಂತೆ ಎಂಬ ಸೂತ್ರವನ್ನು ಹಿಡಿದು ಟೋಲ್ಕಿನ್ ತಲೆಮಾರುಗಳನ್ನೂ ಜನಸಂಖ್ಯೆಯನ್ನೂ ಎಣಿಸುತ್ತಾ ಹೋಗುತ್ತಾರೆ. ಬರೀ ಭಾಗಾಕಾರ ಮಾಡಿದರೆ ನಮ್ಮ 2,778 ವರ್ಷದ ವಧು ಹತ್ತೊಂಬತ್ತರ ಹುಡುಗಿ! ಆದರೆ ಹಳೆಯ ಟಿಪ್ಪಣಿಯ ಐವತ್ತು ವರ್ಷದ ಪ್ರಾಯಕ್ಕೂ ಈ ಹೊಸ ಲೆಕ್ಕಕ್ಕೂ ತಾಳೆಯಾಗುವುದಿಲ್ಲ. ಟೋಲ್ಕಿನ್ ಬರೆದು, ತಿದ್ದಿ, ಹೊಡೆದುಹಾಕಿ ಮತ್ತೆ ಬರೆದರು. ಕೊನೆಗೂ ಇತ್ಯರ್ಥವಾಗಲಿಲ್ಲ.

ಗಾಜಿನ ಲೋಟಗಳ ಲೆಕ್ಕ

ಇನ್ನು ಹುಡುಗನ ಪ್ರಶ್ನೆಗೆ ಬರೋಣ. ಅದನ್ನು ತಿರುಗಿಸಿ ಕೇಳಬೇಕು: ನಮಗೇಕೆ ಮುಪ್ಪು ಬರುತ್ತದೆ? ಯಂತ್ರದಂತೆ ಸವೆಯುತ್ತೇವೆ ಎಂಬುದು ಸುಲಭದ ಉತ್ತರ. ಆದರೆ ಯಂತ್ರ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುವುದಿಲ್ಲ, ದೇಹ ಮಾಡಿಕೊಳ್ಳುತ್ತದೆ. ಗಾಯ ಮಾಯುತ್ತದೆ, ಮೂಳೆ ಕೂಡುತ್ತದೆ. ಒಂದೇ ಕೋಶದಿಂದ ಇಡೀ ದೇಹವನ್ನು ಕಟ್ಟಬಲ್ಲ ಪ್ರಕೃತಿಗೆ ಕಟ್ಟಿದ್ದನ್ನು ಉಳಿಸಿಕೊಳ್ಳಲು ಏಕೆ ಬರುವುದಿಲ್ಲ?

ಇದಕ್ಕೆ ದಾರಿ ತೋರಿದವರು ಬ್ರಿಟಿಷ್ ವಿಜ್ಞಾನಿ ಪೀಟರ್ ಮೆಡವಾರ್, 1950ರ ದಶಕದ ಆರಂಭದಲ್ಲಿ. ಪ್ರಯೋಗಶಾಲೆಯ ಪ್ರನಾಳಗಳನ್ನು ಅವರು ಉದಾಹರಣೆಯಾಗಿ ತೆಗೆದುಕೊಂಡರು. ನಾವು ಹೋಟೆಲಿನ ಗಾಜಿನ ಲೋಟಗಳನ್ನು ತೆಗೆದುಕೊಳ್ಳೋಣ. ಹೊಸ ಲೋಟ ನೂರು ಇವೆ. ಪ್ರತಿ ತಿಂಗಳೂ ಉಳಿದವುಗಳಲ್ಲಿ ನೂರಕ್ಕೆ ಹತ್ತು ಕೈತಪ್ಪಿ ಒಡೆಯುತ್ತವೆ. ಹಳೆಯದು, ಹೊಸದು ಎಂಬ ಭೇದವಿಲ್ಲ. ಅಂದರೆ ಈ ಲೋಟಗಳಿಗೆ ಮುಪ್ಪಿಲ್ಲ. ಆದರೂ ಒಂದು ವರ್ಷಕ್ಕೆ ಉಳಿಯುವುದು 28, ಎರಡು ವರ್ಷಕ್ಕೆ 8, ಮೂರು ವರ್ಷಕ್ಕೆ ಎರಡೋ ಮೂರೋ. ಮೂರು ವರ್ಷವಾದ ಮೇಲೆ ತಾನಾಗಿ ಸೀಳುವ ದೋಷವೊಂದು ಈ ಗಾಜಿನಲ್ಲಿದೆ ಎನ್ನಿ. ಮಾಲೀಕ ಅದನ್ನು ಗಮನಿಸುತ್ತಾನೆಯೆ? ಅಷ್ಟು ಹಳೆಯ ಲೋಟಗಳೇ ಇಲ್ಲವಲ್ಲ!

ನಿಸರ್ಗದ ಆಯ್ಕೆಯೂ ಹೀಗೆಯೇ. ಹಸಿವು, ರೋಗ, ಬೇಟೆಗಾರ ಪ್ರಾಣಿ ಇವುಗಳಿಂದ ಹೆಚ್ಚಿನ ಜೀವಿಗಳು ಬೇಗ ಸಾಯುತ್ತವೆ. ಇಳಿವಯಸ್ಸಿನಲ್ಲಿ ಕಾಣಿಸಿಕೊಳ್ಳುವ ದೋಷ ಅಷ್ಟರೊಳಗೆ ಮರಿಗಳಿಗೆ ದಾಟಿಹೋಗಿರುತ್ತದೆ. 1957ರಲ್ಲಿ ಅಮೆರಿಕದ ಜಾರ್ಜ್ ವಿಲಿಯಮ್ಸ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎಳೆಯ ಪ್ರಾಯದಲ್ಲಿ ಉಪಕಾರ ಮಾಡಿ ಮುಪ್ಪಿನಲ್ಲಿ ಅಪಕಾರ ಮಾಡುವ ಗುಣಗಳನ್ನು ನಿಸರ್ಗ ಸಂತೋಷದಿಂದಲೇ ಉಳಿಸಿಕೊಳ್ಳುತ್ತದೆ ಎಂದರು.

ಈ ಮಾತು ನಿಜವಾದರೆ, ಅಪಾಯ ಕಡಿಮೆ ಇರುವ ಜೀವಿಗಳಿಗೆ ಮುಪ್ಪು ತಡವಾಗಿ ಬರಬೇಕು. ಬಹುಮಟ್ಟಿಗೆ ಹಾಗೆಯೇ ಇದೆ. ಇಲಿ ಎರಡು ಮೂರು ವರ್ಷ ಬದುಕಿದರೆ, ಏಳೇ ಗ್ರಾಂ ತೂಗುವ ಬ್ರಾಂಟ್ಸ್ ಬಾವಲಿಯೊಂದು 41 ವರ್ಷ ಬದುಕಿದ ದಾಖಲೆಯಿದೆ, ಅದಕ್ಕೆ ರೆಕ್ಕೆಯುಂಟು. ಆಫ್ರಿಕದ ನೆಲದಡಿಯಲ್ಲಿ ಬಿಲ ತೋಡಿಕೊಂಡಿರುವ, ಮೈಮೇಲೆ ಕೂದಲಿಲ್ಲದ ಮೋಲ್‌ರ‍್ಯಾಟ್ 30 ವರ್ಷ ದಾಟುತ್ತದೆ. ವಯಸ್ಸಾದಂತೆ ಅದರ ಸಾವಿನ ಸಂಭವ ಏರುವುದೇ ಕಾಣುವುದಿಲ್ಲವೆಂದು 2018ರಲ್ಲಿ ವರದಿಯಾಯಿತು. ಹೋಲಿಸಿ ನೋಡಿ: ಮನುಷ್ಯರಲ್ಲಿ ಪ್ರಾಯ ಕಳೆದ ಮೇಲೆ ಸಾವಿನ ಸಂಭವ ಸುಮಾರು ಎಂಟು ವರ್ಷಕ್ಕೊಮ್ಮೆ ಇಮ್ಮಡಿಯಾಗುತ್ತದೆ. ಮರಣದ ಈ ಏರಿಕೆಯ ನಿಯಮವನ್ನು 1825ರಲ್ಲೇ ಗುರುತಿಸಿದವನು ಬೆಂಜಮಿನ್ ಗಾಂಪರ್ಟ್ಸ್ ಎಂಬ ವಿಮಾ ಗಣಿತಜ್ಞ.

ಎಲ್ಫ್‌ಗೆ ತೀರ ಹತ್ತಿರದ ಪ್ರಾಣಿ ಯಾವುದೆಂದು ಕೇಳಿದರೆ ನನ್ನ ಮತ ಉತ್ತರ ಸಮುದ್ರಗಳ ಗ್ರೀನ್‌ಲ್ಯಾಂಡ್ ಶಾರ್ಕ್‌ಗೆ. ಸೌಂದರ್ಯದಲ್ಲಿ ಅಲ್ಲ! 2016ರ ಅಧ್ಯಯನವೊಂದರಲ್ಲಿ, ಕಣ್ಣಿನ ಮಸೂರದ ರೇಡಿಯೋ ಇಂಗಾಲವನ್ನು ಅಳೆದು ಒಂದು ಹೆಣ್ಣು ಶಾರ್ಕ್‌ನ ವಯಸ್ಸು ಸುಮಾರು 392 ವರ್ಷವೆಂದು ಅಂದಾಜಿಸಿದರು. 120 ವರ್ಷ ಆಚೀಚೆ ಇರಬಹುದು. ಮರಿ ಹಾಕುವ ಪ್ರಾಯಕ್ಕೆ ಬರಲು ಅದಕ್ಕೆ ಸುಮಾರು 150 ವರ್ಷ ಬೇಕು. ನಿಧಾನ ಬೆಳವಣಿಗೆ, ತಡವಾದ ಪ್ರಾಯ, ದೀರ್ಘ ಬಾಳು. ಟೋಲ್ಕಿನ್ ಊಹಿಸಿದ್ದೂ ಇದೇ ಕ್ರಮವನ್ನು.

ಜೀವಕೋಶದ ಮಟ್ಟದಲ್ಲಿ ಇನ್ನೊಂದು ತೊಡಕಿದೆ. ನಮ್ಮ ದೇಹದ ಸಾಮಾನ್ಯ ಕೋಶಗಳನ್ನು ಗಾಜಿನ ತಟ್ಟೆಯಲ್ಲಿ ಬೆಳೆಸಿದರೆ 40ರಿಂದ 60 ಬಾರಿ ವಿಭಜಿಸಿ ನಿಲ್ಲುತ್ತವೆ ಎಂದು 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್ ತೋರಿಸಿದರು. ವರ್ಣತಂತುಗಳ ತುದಿಯಲ್ಲಿರುವ ಟೆಲೊಮಿಯರ್ ಎಂಬ ಕಟ್ಟು, ಷೂ ಲೇಸಿನ ತುದಿಯ ಪ್ಲಾಸ್ಟಿಕ್ಕಿನಂಥದು, ಪ್ರತಿ ವಿಭಜನೆಯಲ್ಲೂ ಸ್ವಲ್ಪ ಸ್ವಲ್ಪ ಕುಗ್ಗುತ್ತದೆ. ಈ ಕಟ್ಟಿನ ರಹಸ್ಯ ಬಿಡಿಸಿದ ಮೂವರಿಗೆ 2009ರ ನೊಬೆಲ್ ಬಂದಿತು. ಹಾಗಾದರೆ ಈ ತಡೆ ತೆಗೆದರೆ ಅಮರರಾಗುತ್ತೇವೆಯೆ? ತಡೆಯಿಲ್ಲದೆ ವಿಭಜಿಸುವ ಮಾನವ ಕೋಶ ನಮಗೆ ಗೊತ್ತಿದೆ, ಅದರ ಹೆಸರು ಕ್ಯಾನ್ಸರ್. 1951ರಲ್ಲಿ 31ನೆಯ ವಯಸ್ಸಿಗೆ ತೀರಿಕೊಂಡ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಅಮೆರಿಕದ ಹೆಣ್ಣುಮಗಳ ಗೆಡ್ಡೆಯಿಂದ ತೆಗೆದ ಕೋಶಗಳು ಜಗತ್ತಿನ ಪ್ರಯೋಗಶಾಲೆಗಳಲ್ಲಿ ಇಂದಿಗೂ ಬೆಳೆಯುತ್ತಿವೆ. ಟೆಲೊಮಿಯರ್ ಉದ್ದ ಮಾಡುತ್ತೇವೆಂದು ಮಾತ್ರೆ ಮಾರುವವರು ಈ ಭಾಗವನ್ನು ಹೇಳುವುದಿಲ್ಲ. ದುಡ್ಡು ಕೊಡುವ ಮುನ್ನ ಹಿರಿಯರು ಯೋಚಿಸಬೇಕು.

ಮುಪ್ಪು ಇಲ್ಲದಿದ್ದರೂ ಸಾವು ಬಿಡದು ಎಂಬುದಕ್ಕೆ ಒಂದು ಲೆಕ್ಕ ಹಾಕೋಣ. ಅಪಘಾತ, ಯುದ್ಧ ಮುಂತಾದ ಕಾರಣಗಳಿಂದ ವರ್ಷಕ್ಕೆ ಸಾವಿರಕ್ಕೆ ಒಬ್ಬರು ಸಾಯುತ್ತಾರೆ ಎಂದಿಟ್ಟುಕೊಳ್ಳಿ. ಸುಮಾರು 693 ವರ್ಷಕ್ಕೆ ಅರ್ಧ ಜನ ಇರುವುದಿಲ್ಲ. ಮೂರು ಸಾವಿರ ವರ್ಷಕ್ಕೆ ಉಳಿಯುವವರು ನೂರಕ್ಕೆ ಐವರು. ಗಲಾಡ್ರಿಯೆಲ್‌ಳಂತೆ ಏಳು ಸಾವಿರ ವರ್ಷ ದಾಟುವವರು ಹತ್ತು ಸಾವಿರಕ್ಕೆ ಒಂಬತ್ತು ಮಂದಿ. ಪಿಯುಸಿ ವಿದ್ಯಾರ್ಥಿಗಳು ಇದನ್ನು ಘಾತೀಯ ಇಳಿಕೆಯ ಸೂತ್ರದಿಂದ ತಾವೇ ಮಾಡಿ ನೋಡಬಹುದು.

ಒಂದು ಎಡವಟ್ಟು ಟೋಲ್ಕಿನ್ನರಿಗೂ ತಿಳಿದಿತ್ತು. ಎಲ್ಫ್ ಮತ್ತು ಮನುಷ್ಯ ಮದುವೆಯಾಗಿ, ಮಕ್ಕಳಾಗಿ, ಆ ಮಕ್ಕಳಿಗೂ ಮಕ್ಕಳಾಗುತ್ತವೆ. ಹಾಗಿದ್ದರೆ ಜೀವಶಾಸ್ತ್ರದ ಪ್ರಕಾರ ಎರಡೂ ಒಂದೇ ಪ್ರಭೇದವಾಗಬೇಕು. ಕುದುರೆಗೂ ಕತ್ತೆಗೂ ಹುಟ್ಟಿದ ಹೇಸರಗತ್ತೆಗೆ ಸಂತಾನವಿಲ್ಲ ತಾನೆ? 1954ರಲ್ಲಿ ಓದುಗರೊಬ್ಬರಿಗೆ ಬರೆದ ಉತ್ತರದ ಕರಡಿನಲ್ಲಿ ಅವರು ಇದನ್ನು ಒಪ್ಪಿಕೊಂಡು, ಎರಡೂ ಒಂದೇ ಕುಲವೆಂದೇ ಹೇಳಿ, ನನ್ನ ಕಲ್ಪನೆಯ ಲೋಕದಲ್ಲಿ ಆಯುಸ್ಸು ಬರೀ ದೇಹದ ಗುಣವಲ್ಲ ಎಂಬ ಅರ್ಥದ ಸಮಜಾಯಿಷಿ ಕೊಟ್ಟರು. ಪರೀಕ್ಷಕನಾಗಿ ಅರ್ಧ ಅಂಕ ಕೊಡುತ್ತೇನೆ.

ಎಲ್ರಾಂಡನ ಮಗಳು

ಆದರೆ ಆ ಸಮಜಾಯಿಷಿಯಲ್ಲೇ ಕಥೆಯ ತಿರುಳೂ ಇದೆ. ಟೋಲ್ಕಿನ್ನರ ಲೋಕದಲ್ಲಿ ಸಾವು ಶಿಕ್ಷೆಯಲ್ಲ. ಸೃಷ್ಟಿಕರ್ತನು ಮನುಷ್ಯನಿಗೆ ಕೊಟ್ಟ ಉಡುಗೊರೆ. ಮನುಷ್ಯ ಈ ಜಗತ್ತನ್ನು ಬಿಟ್ಟು ಇನ್ನೆಲ್ಲಿಗೋ ಹೋಗುತ್ತಾನೆ. ಎಲ್ಫ್ ಹೋಗಲಾರ. ಎರಡೂ ರಕ್ತ ಬೆರೆತವರು ಯಾವ ಕಡೆ ಸೇರಬೇಕೆಂಬುದನ್ನು ತಾವೇ ಆರಿಸಿಕೊಳ್ಳಬೇಕು, ಒಮ್ಮೆ ಆರಿಸಿದರೆ ಬದಲಿಸುವಂತಿಲ್ಲ.

ಎಲ್ರಾಂಡ್ ಮತ್ತು ಎಲ್ರಾಸ್ ಅವಳಿ ಸೋದರರು. ಎಲ್ರಾಸ್ ಮನುಷ್ಯನಾಗಿ ನೂಮೆನಾರ್ ದ್ವೀಪದ ಮೊದಲ ಅರಸನಾದ. 500 ವರ್ಷ ಬಾಳಿ ಸತ್ತ. ಎಲ್ರಾಂಡ್ ಎಲ್ಫ್ ಆಗಿ ಉಳಿದ. ಆಮೇಲೆ ಆರು ಸಾವಿರ ವರ್ಷಕ್ಕೂ ಹೆಚ್ಚು ಕಾಲ ಅವನು ತಮ್ಮನಿಲ್ಲದೆ ಬದುಕಿದ. ಅವನ ಹೆಂಡತಿ ಶತ್ರುಗಳ ಕೈಗೆ ಸಿಕ್ಕು ನೊಂದು ಕಡಲಾಚೆಯ ದೇವಭೂಮಿಗೆ ಹೊರಟುಹೋದಳು. ಎಲ್ಫ್‌ಗಳ ಪಾಲಿಗೆ ಅದು ಅಗಲಿಕೆಯೇ ಹೊರತು ಕಳೆದುಕೊಳ್ಳುವುದಲ್ಲ. ಎಂದಾದರೂ ಹಡಗು ಹತ್ತಿದರೆ ಭೇಟಿ ಖಚಿತ. ಮಗಳು ಆರ್ವೆನ್ ಮಾತ್ರ ಮನುಷ್ಯನನ್ನು ಮೆಚ್ಚಿ ಮನುಷ್ಯರ ಪಾಡನ್ನೇ ಆರಿಸಿಕೊಂಡಳು. ಅವಳು ಸತ್ತ ಮೇಲೆ ಹೋಗುವ ಕಡೆಗೆ ತಂದೆ ಎಂದೆಂದಿಗೂ ಹೋಗಲಾರ. ಮಗಳ ಮದುವೆ ಮುಗಿಸಿ ಕಳುಹಿಸಿಕೊಡುವ ದಿನ ಯಾವ ತಂದೆಗೂ ಕಣ್ಣು ಮಂಜಾಗುತ್ತದೆ; ಹಬ್ಬಕ್ಕೆ ಬರುತ್ತಾಳೆ ಎಂಬ ಸಮಾಧಾನವಾದರೂ ನಮಗಿದೆ. ಎಲ್ರಾಂಡನಿಗೆ ಜಗತ್ತು ಮುಗಿದ ಮೇಲೂ ಅದಿಲ್ಲ. ಈ ಬೀಳ್ಕೊಡುಗೆಯನ್ನು ಟೋಲ್ಕಿನ್ ವರ್ಣಿಸಲು ಹೋಗಿಲ್ಲ. ತಂದೆ ಮಗಳು ಬೆಟ್ಟಗಳಲ್ಲಿ ಬಹಳ ಹೊತ್ತು ಮಾತಾಡಿದರು ಎಂಬಷ್ಟನ್ನೇ ತಿಳಿಸಿ ಮುಂದೆ ಸಾಗುತ್ತಾರೆ.

ಆರ್ವೆನ್ ಮತ್ತು ಆರಗಾರ್ನ್ ಸುಮಾರು 120 ವರ್ಷ ಜೊತೆಯಾಗಿ ಬಾಳುತ್ತಾರೆ. 210ನೆಯ ವಯಸ್ಸಿನಲ್ಲಿ, ಇನ್ನೂ ಬುದ್ಧಿ ಮಸುಕಾಗುವ ಮೊದಲೇ, ಅವನು ತಾನಾಗಿ ಪ್ರಾಣ ಬಿಡುತ್ತಾನೆ. ಭೀಷ್ಮನ ಇಚ್ಛಾಮರಣ ನೆನಪಿಗೆ ಬಾರದೆ ಇರದು. ಅಷ್ಟರವರೆಗೆ ಆರ್ವೆನ್‌ಳಿಗೆ ಸಾವು ಒಂದು ಪದ ಮಾತ್ರ. ತಾನೇ ಆರಿಸಿಕೊಂಡದ್ದರ ಅರ್ಥ ಅವಳಿಗೆ ತಿಳಿಯುವುದು ಅಂದು. ಮುಂದಿನ ವರ್ಷ, ಎಲ್ಲರೂ ಬಿಟ್ಟುಹೋದ ಕಾಡಿನ ಗುಡ್ಡವೊಂದರ ಮೇಲೆ ಒಬ್ಬಳೇ ಮಲಗಿ ಸಾಯುತ್ತಾಳೆ.

ಹಾಗಾದರೆ ಎಲ್ಫ್ ಆಗಿಯೇ ಉಳಿದವರು ಸುಖಿಗಳೆ? ಅವರಿಗೂ ಒಂದು ಬಗೆಯ ಮುಪ್ಪು ಇದೆ. ಸಹಸ್ರಾರು ವರ್ಷಗಳಲ್ಲಿ ಆತ್ಮದ ಬೆಂಕಿ ದೇಹವನ್ನು ಒಳಗಿನಿಂದ ತಿನ್ನುತ್ತಾ ಬಂದು, ಕೊನೆಗೆ ದೇಹ ಆತ್ಮದ ನೆನಪಾಗಿ ಮಾತ್ರ ಉಳಿಯುತ್ತದೆ. ನಮ್ಮ ಕಣ್ಣಿಗೆ ಅವರು ಕಾಣರು. ಇದನ್ನು ಟೋಲ್ಕಿನ್ ‘ಮಸುಕಾಗುವುದು’ ಎಂದು ಕರೆಯುತ್ತಾರೆ. ಅದಕ್ಕಿಂತ ಮುಂಚೆಯೇ ಮನಸ್ಸು ದಣಿಯುತ್ತದೆ. ನೆಟ್ಟ ಮರ, ಕಟ್ಟಿದ ಊರು, ಕಲಿತ ಹಾಡು ಎಲ್ಲವೂ ಬದಲಾಗುತ್ತಾ ಹೋಗುತ್ತವೆ, ಅವರು ಮಾತ್ರ ಹಾಗೇ ಇರುತ್ತಾರೆ. ಬದಲಾವಣೆಯನ್ನೇ ತಡೆಯಬೇಕೆಂಬ ಹಂಬಲದಿಂದ ಅವರು ಮೂರು ಉಂಗುರಗಳನ್ನು ಮಾಡಿಕೊಂಡರು. ಕಾಲವನ್ನು ಹಿಡಿದಿಡಬಯಸಿದ್ದು ಎಲ್ಫ್‌ಗಳ ದೌರ್ಬಲ್ಯ, ಸಾವನ್ನು ತಪ್ಪಿಸಬಯಸಿದ್ದು ಮನುಷ್ಯರ ದೌರ್ಬಲ್ಯ ಎಂಬುದು ಟೋಲ್ಕಿನ್ನರ ಎಣಿಕೆ. ನೂಮೆನಾರಿನ ಕೊನೆಯ ಅರಸ ಮುಪ್ಪಿಗೆ ಹೆದರಿ ಅಮರತ್ವ ಕಿತ್ತುಕೊಳ್ಳಲು ದೇವಭೂಮಿಗೆ ದಂಡೆತ್ತಿ ಹೋದಾಗ ಅವನ ದ್ವೀಪವೇ ಕಡಲಿನಲ್ಲಿ ಮುಳುಗಿತು.

ಬರೆದವರ ಬದುಕು

ತಮ್ಮ ಕಾದಂಬರಿಯ ನಿಜವಾದ ವಸ್ತು ಸಾವು ಮತ್ತು ಅಮರತ್ವ ಎಂದು ಟೋಲ್ಕಿನ್ ಪತ್ರಗಳಲ್ಲಿ ಹೇಳಿಕೊಂಡಿದ್ದಾರೆ. ಅವರ ಜೀವನ ನೋಡಿದರೆ ಇದರಲ್ಲಿ ಆಶ್ಚರ್ಯವಿಲ್ಲ. 1892ರಲ್ಲಿ ದಕ್ಷಿಣ ಆಫ್ರಿಕದ ಬ್ಲೂಮ್‌ಫಾಂಟೇನ್‌ನಲ್ಲಿ ಹುಟ್ಟಿದ ಅವರಿಗೆ ನಾಲ್ಕು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. 1904ರಲ್ಲಿ ತಾಯಿ ಸಕ್ಕರೆ ಕಾಯಿಲೆಯಿಂದ ತೀರಿಕೊಂಡಾಗ ಹುಡುಗನಿಗೆ ಹನ್ನೆರಡು, ತಾಯಿಗೆ 34. ಇನ್ಸುಲಿನ್ ಮೊದಲ ಬಾರಿ ರೋಗಿಯೊಬ್ಬರಿಗೆ ಸಿಕ್ಕಿದ್ದು 1922ರ ಜನವರಿಯಲ್ಲಿ. ಹದಿನೇಳು ವರ್ಷದ ಅಂತರ! 1916ರಲ್ಲಿ ಅವರು ಸೋಮ್ ಯುದ್ಧದಲ್ಲಿ ಕಾದಿದರು. ಶಾಲೆಯ ದಿನಗಳಿಂದ ಜೊತೆಗಿದ್ದ ನಾಲ್ವರು ಆಪ್ತ ಗೆಳೆಯರ ಗುಂಪಿನಲ್ಲಿ ಆ ವರ್ಷ ಇಬ್ಬರು ಸತ್ತರು. ಹೇನುಗಳಿಂದ ಹರಡುವ ಕಂದಕ ಜ್ವರ ಹಿಡಿದು ಟೋಲ್ಕಿನ್ ಇಂಗ್ಲೆಂಡಿಗೆ ಮರಳಿದರು. ಎಲ್ಫ್‌ಗಳ ಮೊದಲ ಕಥೆಗಳನ್ನು ಬರೆದದ್ದು ಆ ಚೇತರಿಕೆಯ ದಿನಗಳಲ್ಲೇ.

ಸತ್ತವರು ಮರಳಿ ಬರುವ ಲೋಕವನ್ನು ಇಂಥವರು ಕಟ್ಟಿದ್ದು ಸಹಜ. ವಿಶೇಷವೆಂದರೆ, ಆ ಲೋಕದಲ್ಲೂ ಅವರು ಮನುಷ್ಯರಿಗೆ ಸುಲಭದ ಸಮಾಧಾನ ಕೊಡಲಿಲ್ಲ. ‘ಮಾರ್ಗಾತ್ಸ್ ರಿಂಗ್’ ಸಂಪುಟದಲ್ಲಿರುವ ಒಂದು ಸಂವಾದ ಇದಕ್ಕೆ ಸಾಕ್ಷಿ. ಎಲ್ಫ್ ಅರಸ ಫಿನ್ರಾಡ್ ಮತ್ತು ಮನುಷ್ಯರ ಜ್ಞಾನಿ ಹೆಂಗಸು ಆಂಡ್ರೆತ್ ಕುಳಿತು ಸಾವಿನ ಬಗ್ಗೆ ಚರ್ಚಿಸುತ್ತಾರೆ. ಮನುಷ್ಯರಿಗೆ ಸಾವು ಸಹಜವೆಂದೇ ಎಲ್ಫ್‌ಗಳು ತಿಳಿದಿದ್ದಾರೆ. ಆಂಡ್ರೆತ್ ಅದನ್ನು ಒಪ್ಪುವುದಿಲ್ಲ, ನಾವು ಹೀಗಿರಲಿಲ್ಲ, ಇದು ನಮಗೆ ಆದ ಗಾಯ ಎನ್ನುತ್ತಾಳೆ. ಉಪನಿಷತ್ತಿನ ಪ್ರಶ್ನೋತ್ತರದಂತೆ ಸಾಗುವ ವಾದ, ಕೊನೆಯಲ್ಲಿ ಇದ್ದಕ್ಕಿದ್ದಂತೆ ಅವಳ ಸ್ವಂತ ಬಾಳಿಗೆ ತಿರುಗುತ್ತದೆ. ಹರೆಯದಲ್ಲಿ ಅವಳು ಫಿನ್ರಾಡನ ತಮ್ಮ ಏಗ್ನಾರ್‌ನನ್ನು ಪ್ರೀತಿಸಿದ್ದಳು. ಅವನು ಬಿಟ್ಟುಹೋದ. ಈಗ ಅವಳಿಗೆ ನಲವತ್ತೆಂಟು, ಕೂದಲು ನೆರೆತಿದೆ. ಅವನು ಇದ್ದಂತೆಯೇ ಇದ್ದಾನೆ. ತಾನು ಕೀಳೆಂದು ಬಿಟ್ಟನೆಂದು ಅವಳು ತಿಳಿದಿದ್ದಾಳೆ. ಫಿನ್ರಾಡ್ ನಿಜ ಹೇಳುತ್ತಾನೆ: ಅವನೂ ಪ್ರೀತಿಸಿದ್ದ, ಯುದ್ಧಕಾಲದಲ್ಲಿ ಎಲ್ಫ್‌ಗಳು ಮದುವೆಯಾಗುವುದಿಲ್ಲ, ಅವನಿನ್ನು ಯಾರನ್ನೂ ಮದುವೆಯಾಗಲಾರ, ಹರೆಯದ ಅವಳ ನೆನಪನ್ನೇ ಇಟ್ಟುಕೊಂಡು ಜಗತ್ತಿನ ಕೊನೆಯವರೆಗೆ ಇರುತ್ತಾನೆ. ಅವಳಿಗೆ ಬೇಕಾಗಿದ್ದದ್ದು ಅಂಥ ನೆನಪಲ್ಲ, ಅವನ ಜೊತೆ ಕೆಲವು ದಿನ. ಮುಪ್ಪು ಬಂದಾಗ ತಾನೇ ದೂರ ಸರಿಯುತ್ತಿದ್ದೆ ಎನ್ನುತ್ತಾಳೆ. ಇಬ್ಬರ ಮಾತೂ ಸರಿ. ಟೋಲ್ಕಿನ್ ತೀರ್ಪು ಕೊಡುವುದಿಲ್ಲ.

ಟೋಲ್ಕಿನ್ನರ ಪತ್ನಿ ಈಡಿತ್ 1971ರಲ್ಲಿ, ಅವರು 1973ರಲ್ಲಿ ತೀರಿಕೊಂಡರು. ಆಕ್ಸ್‌ಫರ್ಡಿನ ವುಲ್ವರ್‌ಕೋಟ್ ಸ್ಮಶಾನದ ಒಂದೇ ಕಲ್ಲಿನ ಮೇಲೆ ಈಡಿತ್ ಹೆಸರಿನ ಕೆಳಗೆ ಲೂಥಿಯೆನ್ ಎಂದೂ, ಅವರ ಹೆಸರಿನ ಕೆಳಗೆ ಬೆರೆನ್ ಎಂದೂ ಕೆತ್ತಲಾಗಿದೆ. ಮನುಷ್ಯನಾದ ಬೆರೆನ್‌ಗಾಗಿ ಮೊದಲ ಬಾರಿ ಅಮರತ್ವ ಬಿಟ್ಟ ಎಲ್ಫ್ ಕನ್ಯೆ ಲೂಥಿಯೆನ್.

ಓದಲು ಬಯಸುವ ವಿದ್ಯಾರ್ಥಿಗಳು 1937ರ ‘ದ ಹಾಬಿಟ್’ನಿಂದ ತೊಡಗುವುದು ಒಳ್ಳೆಯದು, ಇಂಗ್ಲಿಷ್ ಸರಳವಾಗಿದೆ. ದೊಡ್ಡ ಕಾದಂಬರಿಗೆ ಬಂದಾಗ ಕೊನೆಯ ಅನುಬಂಧಗಳನ್ನು ಹಾರಿಸಬೇಡಿ. ಆರ್ವೆನ್‌ಳ ಸಾವು ಇರುವುದು ಮುಖ್ಯ ಕಥೆಯಲ್ಲಲ್ಲ, ಮೊದಲನೆಯ ಅನುಬಂಧದ ಕೆಲವೇ ಪುಟಗಳಲ್ಲಿ. ತಂದೆತಾಯಿಗಳೂ ಜೊತೆಗೆ ಕುಳಿತು ಓದಬಹುದು. ಮಕ್ಕಳು ಪ್ರಶ್ನೆ ಕೇಳಿಯೇ ಕೇಳುತ್ತಾರೆ.